ಕಳೆದುಹೋದ ಗಳಿಗೆಗಳು

ಕಲಬುರಗಿಯಿಂದ ಜೇವರ್ಗಿಗೆ ಹೊರಟು, ಭೀಮೆಯ ಸೇತುವೆ ದಾಟಿದ್ದೇ ನೆನಪಿಲ್ಲದೆ ಊರು ತಲುಪಿದ ಅನುಭವ ನನಗಾಗಿದೆ, ನಿಮಗೂ ಆಗಿರಬಹುದು. ಬಳಕೆಯ ದಾರಿಯಲ್ಲಿ ಮನಸ್ಸು ಗಮನಿಸದ್ದನ್ನು ನೆನಪು ಕೂಡಿಡುವುದಿಲ್ಲ. ಅದರಲ್ಲಿ ಅಂಜುವಂಥದ್ದೇನೂ ಇಲ್ಲ.

ಆದರೆ ಮನೆಯ ಹಿರಿಯರು ದಿಢೀರನೆ ಬೆಳಗಿನದೆಲ್ಲ ಮರೆತು, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳತೊಡಗಿದರೆ ‘ಗಾಳಿ ಸೋಕಿದೆ’ ಎಂದು ಕೂಡಬೇಡಿ. ಫಿಶರ್ ಮತ್ತು ಆಡಮ್ಸ್ ಎಂಬ ವೈದ್ಯರು 1958ರಲ್ಲಿ ವಿವರಿಸಿದ ತಾತ್ಕಾಲಿಕ ವಿಸ್ಮೃತಿ ಅದಾಗಿರಬಹುದು. ಅದು 24 ಗಂಟೆಗಳೊಳಗೆ ತಾನಾಗಿ ತಿಳಿಯಾಗುತ್ತದೆ. ಆ ಅವಧಿಯ ನೆನಪು ಮಾತ್ರ ಮರಳುವುದಿಲ್ಲ. ಪಾರ್ಶ್ವವಾಯುವೂ ಹೀಗೆಯೇ ತೋರಬಹುದಾದ್ದರಿಂದ, ಆಳಂದವಿರಲಿ, ಅಫಜಲಪುರವಿರಲಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಕೇಳಿದ್ದಕ್ಕೆಲ್ಲ ಬೇಸರಿಸದೆ ಉತ್ತರಿಸುತ್ತ, ಕೈಹಿಡಿದು ಪಕ್ಕದಲ್ಲಿರಿ. ಅವರಿಗೆ ಕಳೆದುಹೋದ ಆ ಗಳಿಗೆಗಳು ನಿಮ್ಮಲ್ಲಿ ಉಳಿಯುತ್ತವೆ.