ಆರ ಜಾತಿ ಇಸ್ಪೀಟ

ನಮ್ಮ ಮನ್ಯಾಗ ಆಡಾಕ ಕೂಡ್ರವ್ರು ಆರ ಮಂದಿ. 52 ಎಲಿ ಆರ ಮಂದಿಗೆ ಸಮಾ ಹಂಚೂದಾಗೂದುಲ್ಲ. ಅದಕ ಈ ಸೂಟ್ಯಾಗ ನಾನಽ ಹೊಸಾ ಇಸ್ಪೀಟ ಮಾಡಾಕ ಕೂತೆ. ಸಾವಂತವಾಡಿಯ ದಶಾವತಾರ ಗಂಜೀಫಾದಾಗ ಹತ್ತು ಜಾತಿ, ಒಂದೊಂದು ಜಾತಿಗೆ ರಾಜಾ, ಮಂತ್ರಿ, ಮ್ಯಾಲೆ ಹತ್ತು ಅಂಕಿ, ಒಟ್ಟು 120 ದುಂಡನ ಎಲಿ. ನಮಗ ಆರ ಜಾತಿ, 72 ಎಲಿ ಸಾಕು. ಹಳೇ ಲಗ್ನಪತ್ರಿಕಿ ಕತ್ತರಿಸಿ, ಹಿಂದ ಖಾಕಿ ಕಾಗದ ಅಂಟಿಸಿದೆ (ಇಲ್ಲಾಂದ್ರ ಬೆನ್ನ ನೋಡೇ ಎಲಿ ಗುರ್ತ ಹಿಡಿಯೂ ಮಂದಿ ನಮ್ಮವ್ರು!). ಜಾತಿಗೊಂದು ಬಣ್ಣದ ಬೊಟ್ಟು ಇಟ್ಟೆ.

ಮೊದಲನೇ ಆಟದಾಗ ಸಣ್ಣ ಮಗ ಕೆಂಪಿಗೆ ಹಸರು ಒಗದ. ಮುಂದಿನ ಕೈಗೂ ಹಂಗಽ. "ಕೈಯಾಗ ಕೆಂಪ ಇಟಗೊಂಡು ಕಳ್ಳಾಟ ಆಡ್ತಿ?" ಅಂತ ಎಲ್ಲಾರ ಮುಂದ ಬೈದೆ. ಅವ ಎಲಿ ಕೆಳಗಿಟ್ಟು, "ಯವ್ವಾ, ಎರಡೂ ಒಂದಽ ಅದಾವಲ್ಲ" ಅಂದ.

ನಂಗ ನಮ್ಮಪ್ಪ ನೆನಪಾದ್ರು. ಸಂತಿಯಿಂದ ಹಸರ ಟೊಮೇಟೊ ತರತಿದ್ರು, ಅವ್ವನ ಕಡೆ ಬೈಸ್ಕೋತಿದ್ರು. ಕಣ್ಣಿನ ಡಾಕ್ಟರು ಚುಕ್ಕಿಚುಕ್ಕಿ ಚಿತ್ರ ತೋರಿಸಿ, ಗಂಡಮಕ್ಕಳಿಗೆ ಇದು ತಾಯಿ ಕಡಿಂದಽ ಬರ್ತೈತಿ ಅಂದ್ರು. ಅಪ್ಪಂದು ನನ್ನ ದಾಟಿ ಮಗಗ ಮುಟ್ಟೇತಿ. ಬೈದಾಕಿನೂ ನಾನಽ.

ಗಂಜೀಫಾದವ್ರು ಬಣ್ಣದ ಸಂಗಾಟ ಗುರ್ತೂ ಬರೀತಾರ: ಮತ್ಸ್ಯಕ್ಕ ಮೀನು, ಪರಶುರಾಮಗ ಕೊಡಲಿ. ನಾ ಬರೇ ಬಣ್ಣ ನಂಬಿದ್ದೆ. ಮತ್ತ ತಾಯಿ-ಮಗ ಕೂತು ಕೊಡ, ಸೌಟು, ಬೀಗ, ಲಟ್ಟಣಗಿ, ಚಿಮಣಿ, ಚಪ್ಪಲಿ ಬರದ್ವಿ. ಚಪ್ಪಲಿ ಅವನ ಹಟ. ನಿನ್ನೆ ಅದಽ ಚಪ್ಪಲಿ ರಾಜಾ ಒಗದು ನನ್ನ ಸೋಲಿಸಿದ.