ಊರ ಹೆಸರು ಹೊತ್ತ ತಂಡ

ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ಹೊರಟವರಿಗೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಾಣುವುದಕ್ಕೆ ಬಹಳ ಮುಂಚೆಯೇ, ಪಾಪಿನಾಯಕನಹಳ್ಳಿ ಸಿಕ್ಕುತ್ತದೆ. ದಕ್ಷಿಣಕ್ಕೆ ಸಂಡೂರಿನ ಬೆಟ್ಟಗಳು. ಬೆಟ್ಟದಿಂದ ಅದಿರನ್ನು ಹೊತ್ತು ಬರುವ ಲಾರಿಗಳು. ಅವು ಎಬ್ಬಿಸಿದ ಕೆಮ್ಮಣ್ಣಿನ ಧೂಳು. ಈ ಊರಿನ ಹುಡುಗರು ಕೊಂಡ ಚೆಂಡು ಯಾವ ಬಣ್ಣದ್ದಾದರೂ ಆಗಿರಲಿ, ಎರಡು ದಿನಗಳೊಳಗೆ ಅದು ಕೆಂಪಾಗಲೇಬೇಕು. ಒಗೆದ ಬಟ್ಟೆಯ ಗತಿಯೂ ಅದೇ ಆದ್ದರಿಂದ ತಾಯಂದಿರು ಈ ವಿಷಯದಲ್ಲಿ ಹುಡುಗರನ್ನು ಬೈಯುವುದನ್ನು ಬಿಟ್ಟು ಬಹಳ ಕಾಲವಾಯಿತು.

ಆ ಊರಿನಲ್ಲಿ ನಿವೃತ್ತರಾದ ಮೇಷ್ಟರೊಬ್ಬರು ಇದ್ದರು. ಅವರಿಗೆ ಕ್ರಿಕೆಟ್ಟಿನಲ್ಲಿ ಅಂತಹ ಆಸಕ್ತಿಯೇನೂ ಇರಲಿಲ್ಲ. ಆದರೆ ಅವರ ಮೊಮ್ಮಗನಿಗೆ ಅದರ ಹೊರತು ಬೇರೊಂದು ಲೋಕವೇ ಇರಲಿಲ್ಲ. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಎಷ್ಟೋ ಮನೆಗಳ ಒಲೆ ತಣ್ಣಗಾಯಿತು. ಆದರೆ ಲಾರಿಗಳು ನಿಲ್ಲುತ್ತಿದ್ದ ಬಯಲು ಬರಿದಾಗಿ ಹುಡುಗರಿಗೆ ಸಿಕ್ಕಿತು. ದೊಡ್ಡವರ ಸಂಕಟದಲ್ಲಿ ಮಕ್ಕಳಿಗೆ ಇಂತಹ ಲಾಭವಾಗುವುದು ಲೋಕದಲ್ಲಿ ಹೊಸದಲ್ಲ. ಮೇಷ್ಟರು ಸಂಜೆಯ ಹೊತ್ತು ಆ ಬಯಲಿನ ಅಂಚಿನ ಕಲ್ಲಿನ ಮೇಲೆ ಕುಳಿತು ಪತ್ರಿಕೆಯನ್ನು ಓದುವರು, ಮೊಮ್ಮಗನು ಆಡುವನು.

೨೦೧೪ರಲ್ಲಿ ಒಂದು ದಿನ ಹುಡುಗನು ಓಡಿಬಂದು, "ತಾತ, ಬಳ್ಳಾರಿಗೂ ಒಂದು ತಂಡ ಬಂತು!" ಎಂದನು. ಆಗ ಅವನಿಗೆ ಹತ್ತು ವರ್ಷ.

ಇದರ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯವರು ೨೦೦೯ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಎಂಬ ಪಂದ್ಯಾವಳಿಯನ್ನು ಆರಂಭಿಸಿದರು. ಅದಕ್ಕೆ ಹಿಂದಿನ ವರ್ಷ ಹುಟ್ಟಿದ್ದ ಇಂಡಿಯನ್ ಪ್ರೀಮಿಯರ್ ಲೀಗೇ ಇದಕ್ಕೆ ಮಾದರಿ. ಊರಿನ ಅಥವಾ ಸೀಮೆಯ ಹೆಸರನ್ನು ಹಣವಂತರು ಕೊಳ್ಳುವುದು. ಆ ಹೆಸರಿನ ಕೆಳಗೆ ಆಟಗಾರರನ್ನು ಹರಾಜಿನಲ್ಲಿ ಕೂಡಿಸುವುದು. ಇಪ್ಪತ್ತು ಓವರುಗಳ ಆಟವನ್ನು ದೀಪದ ಬೆಳಕಿನಲ್ಲಿ ಆಡಿಸುವುದು. ಮೊದಲ ವರ್ಷ ಎಂಟು ತಂಡಗಳಿದ್ದವು. ಬೆಂಗಳೂರಿಗೆ ಎರಡು, ಉಳಿದವು ಮೈಸೂರು, ಮಂಗಳೂರು, ಮಲೆನಾಡು, ದಾವಣಗೆರೆ, ಬೆಳಗಾವಿ, ವಿಜಾಪುರಗಳ ಪಾಲು. ಬಳ್ಳಾರಿಯ ಹೆಸರಿರಲಿಲ್ಲ. ಎರಡು ವರ್ಷ ನಡೆದು ಲೀಗು ನಿಂತಿತು. ೨೦೧೪ರಲ್ಲಿ ಮತ್ತೆ ಎದ್ದಾಗ ದಾವಣಗೆರೆ ಮರೆಯಾಗಿ, ಹುಬ್ಬಳ್ಳಿ, ಬಳ್ಳಾರಿಗಳು ಸೇರಿದ್ದವು. ಯಾವ ಊರಿಗೂ ಸೇರದ ಚಲನಚಿತ್ರ ನಟರ ತಂಡವೂ ಒಂದಿತ್ತು. ದಾವಣಗೆರೆಯ ಹುಡುಗರು ಆ ವರ್ಷ ಏನೆಂದುಕೊಂಡರೋ, ಅದನ್ನು ಬಳ್ಳಾರಿ ಸೀಮೆಯಲ್ಲಿ ಆಗ ಯಾರೂ ಯೋಚಿಸಲಿಲ್ಲ.

ತಂಡಕ್ಕೆ ಟಸ್ಕರ್ಸ್ ಎಂದು ಹೆಸರಿಟ್ಟಿದ್ದರು. ಎಂದರೆ ದಂತವುಳ್ಳ ಸಲಗಗಳು. ಮೇಷ್ಟರು ಇದನ್ನು ಕೇಳಿ ನಕ್ಕರು. ಬಳ್ಳಾರಿ ಸೀಮೆಯಲ್ಲಿ ಆನೆಯೆಂದರೆ ಹಂಪಿಯ ಗಜಶಾಲೆ, ಅದೂ ಬರಿದು. ಇಲ್ಲವೆ ವಿರೂಪಾಕ್ಷನ ಗುಡಿಯ ಲಕ್ಷ್ಮಿ. ಅವಳು ಹೆಣ್ಣಾನೆ, ದಂತವೆಲ್ಲಿಂದ ಬರಬೇಕು? ಕೇರಳದ ಕೊಚ್ಚಿಯ ತಂಡವೊಂದು ಇದೇ ಹೆಸರನ್ನಿಟ್ಟುಕೊಂಡು ದೊಡ್ಡ ಲೀಗಿನಲ್ಲಿ ೨೦೧೧ರ ಒಂದೇ ಒಂದು ಋತುವನ್ನು ಆಡಿ ಕಣ್ಮರೆಯಾಗಿತ್ತೆಂಬುದು ಅವರಿಗೆ ತಿಳಿದಿದ್ದರೆ ನಗುತ್ತಿದ್ದರೋ ಇಲ್ಲವೋ. ಹುಡುಗನಂತೂ ತನ್ನ ಬಿಳಿಯ ಅಂಗಿಯ ಮೇಲೆ ಬಣ್ಣದಿಂದ ತಾನೇ ಒಂದು ಆನೆಯನ್ನು ಬರೆದುಕೊಂಡನು. ದಂತಗಳು ಆನೆಗಿಂತ ದೊಡ್ಡವಾಗಿದ್ದವು.

"ಬಳ್ಳಾರಿಯಲ್ಲಿ ಯಾವಾಗ ಆಡುತ್ತಾರಪ್ಪಾ? ಹೋಗಿ ನೋಡೋಣ" ಎಂದು ಮೇಷ್ಟರು ಕೇಳಿದರು.

"ಬಳ್ಳಾರಿಯಲ್ಲಿ ಆಡುವುದಿಲ್ಲ, ತಾತ."

"ಮತ್ತೆಲ್ಲಿ?"

"ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಎಲ್ಲಾದರೂ ಆಡುತ್ತಾರೆ. ಹೆಸರು ನಮ್ಮದಲ್ಲವೆ?"

ಅದು ನಿಜವಾಗಿತ್ತು. ಲೀಗು ನಡೆದಷ್ಟು ಕಾಲವೂ ಬಳ್ಳಾರಿಯ ತಂಡವು ಬಳ್ಳಾರಿಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ರಾತ್ರಿಯ ಆಟಕ್ಕೆ ಬೇಕಾದ ದೀಪಗಳೂ ಮೈದಾನವೂ ಇದ್ದ ಊರುಗಳು ಎರಡು ಮೂರು ಮಾತ್ರ. ಪಂದ್ಯಗಳು ಅಲ್ಲಿಯೇ ನಡೆಯಬೇಕಾಗಿತ್ತು. ಬಳ್ಳಾರಿಗೆ ದೊರೆತಿದ್ದುದು ಹೆಸರಿನ ಗೌರವ ಮಾತ್ರ.

೨೦೧೬ರಲ್ಲಿ ಮೇಷ್ಟರು ಮೊಮ್ಮಗನ ಹಟಕ್ಕೆ ಸೋತು ಅವನನ್ನು ಹುಬ್ಬಳ್ಳಿಗೆ ಕರೆದೊಯ್ದರು. ಹೊಸಪೇಟೆಯಲ್ಲಿ ರೈಲು ಹತ್ತಿ, ತುಂಗಭದ್ರೆಯ ಸೇತುವೆಯನ್ನು ದಾಟಿ, ಕೊಪ್ಪಳ ಗದಗುಗಳ ಮೇಲೆ ಹೋಗುವ ದಾರಿ. ಬುತ್ತಿ ಕಟ್ಟಿಕೊಂಡಿದ್ದರು. ಹುಡುಗನು ಆನೆಯ ಅಂಗಿಯನ್ನು ಹಾಕಿಕೊಂಡಿದ್ದನು. ಎರಡು ವರ್ಷಗಳಲ್ಲಿ ಅದು ಬಿಗಿಯಾಗಿತ್ತು. ರಾಜನಗರದ ಮೈದಾನದಲ್ಲಿ ಅಂದು ಹುಬ್ಬಳ್ಳಿಯವರಿಗೂ ಬಳ್ಳಾರಿಯವರಿಗೂ ಆಟ. ತಮಟೆ, ಪೀಪಿ, ಕೇಕೆ. ಹುಬ್ಬಳ್ಳಿಯವನು ಚೆಂಡನ್ನು ಗೆರೆ ದಾಟಿಸಿದಾಗ ಜನವೆಲ್ಲ ಒಂದೇ ಸಲ ಏಳುವುದು; ಬಳ್ಳಾರಿಯವನು ದಾಟಿಸಿದಾಗ ಮೈದಾನದಲ್ಲಿ ಎಲ್ಲೋ ಒಂದೆರಡು ಕಡೆ ಚಪ್ಪಾಳೆ. ಹುಡುಗನು ಒಬ್ಬನೇ ಎದ್ದು ಕೂಗಿದನು. ಪಕ್ಕದಲ್ಲಿ ಶೇಂಗಾ ತಿನ್ನುತ್ತ ಕುಳಿತಿದ್ದ ಹಿರಿಯರೊಬ್ಬರು ಅವನ ಅಂಗಿಯನ್ನು ನೋಡಿ, "ಯಾವೂರೋ ತಮ್ಮಾ?" ಎಂದು ವಿಚಾರಿಸಿ, ಒಂದು ಹಿಡಿ ಶೇಂಗಾ ಕೊಟ್ಟು, "ಕೂಗು, ಕೂಗು. ಅತಿಥಿಗೂ ಬಾಯಿ ಇರಬೇಕಲ್ಲ" ಎಂದರು.

ಹಿಂದಿರುಗುವಾಗ ರೈಲಿನಲ್ಲಿ ಹುಡುಗನು ಬಹಳ ಹೊತ್ತು ಸುಮ್ಮನಿದ್ದು, "ತಾತ, ನಮ್ಮವರು ಎಲ್ಲಿ ಹೋದರೂ ಅತಿಥಿಗಳೇ ಏನು?" ಎಂದು ಕೇಳಿದನು. ಮೇಷ್ಟರು ನಿದ್ದೆ ಬಂದವರಂತೆ ಕಣ್ಣು ಮುಚ್ಚಿಕೊಂಡರು.

ಆ ವರ್ಷ ಬಳ್ಳಾರಿಯೇ ಗೆದ್ದಿತು. ಕಡೆಯ ಆಟದಲ್ಲಿ ಸೋತವರು ಹುಬ್ಬಳ್ಳಿಯವರು. ಪಾಪಿನಾಯಕನಹಳ್ಳಿಯಲ್ಲಿ ಹುಡುಗರು ಪಟಾಕಿ ಹೊಡೆದರು. ಅಷ್ಟರಲ್ಲಿ ಗಣಿಗಳು ಮತ್ತೆ ತೆರೆದು ಅವರ ಬಯಲು ಲಾರಿಗಳಿಗೆ ಮರಳಿತ್ತು. ಆಟವು ಶಾಲೆಯ ಹಿಂದಿನ ಜಾಗಕ್ಕೆ ಹೋಗಿತ್ತು. ಅದು ಚಿಕ್ಕದು, ಬೇಲಿ ದಾಟಿದ ಚೆಂಡಿಗೆ ಔಟು ಎಂಬ ಹೊಸ ನಿಯಮವನ್ನು ಅವರು ಮಾಡಿಕೊಂಡರು.

ತಂಡವು ಯಾರದು ಎಂಬ ಪ್ರಶ್ನೆ ಈ ಸೀಮೆಯದೊಂದೇ ಅಲ್ಲ. ಕಬಡ್ಡಿಯ ಲೀಗು ೨೦೧೭ರಲ್ಲಿ ಎಂಟು ತಂಡಗಳಿಂದ ಹನ್ನೆರಡಕ್ಕೆ ಬೆಳೆದಾಗ ಬೆಂಗಳೂರಿನ ತಂಡವು ತನ್ನ 'ಮನೆಯ' ಪಂದ್ಯಗಳನ್ನು ನಾಗಪುರದಲ್ಲಿ ಆಡಿತು. ದೆಹಲಿಯ ಕಾಲ್ಚೆಂಡಿನ ತಂಡವೊಂದು ೨೦೧೯ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾದ ಹೆಸರನ್ನು ತಳೆಯಿತು. ಇಂಗ್ಲೆಂಡಿನ ವಿಂಬಲ್ಡನ್ ಎಂಬ ಬಡಾವಣೆಯ ಕಾಲ್ಚೆಂಡಿನ ತಂಡವನ್ನು ೨೦೦೩ರಲ್ಲಿ ಮಿಲ್ಟನ್ ಕೀನ್ಸ್ ಎಂಬ ಹೊಸ ಪಟ್ಟಣಕ್ಕೆ ಸಾಗಿಸಿದರು. ಅದಕ್ಕೆ ಅನುಮತಿ ದೊರೆತ ೨೦೦೨ರಲ್ಲಿಯೇ ಊರಿನವರು ಸಿಟ್ಟಿನಿಂದ ತಮ್ಮದೇ ಇನ್ನೊಂದು ತಂಡವನ್ನು ಕಟ್ಟಿ, ಅತ್ಯಂತ ಕೆಳಗಿನ ಪಂಕ್ತಿಗಳಿಂದ ಅದನ್ನು ಮೇಲಕ್ಕೆ ತಂದರು.

ಆದರೆ ಇವೆಲ್ಲಕ್ಕಿಂತ ಮನಸ್ಸಿಗೆ ನಾಟುವುದು ಆಸ್ಟ್ರೇಲಿಯದ ದಕ್ಷಿಣ ಸಿಡ್ನಿಯವರ ಕಥೆ. ಅಲ್ಲಿ ರಗ್ಬಿ ಲೀಗ್ ಎಂಬ ಆಟವಿದೆ. ಹದಿಮೂರು ಹದಿಮೂರು ಜನ ಮೊಟ್ಟೆಯಾಕಾರದ ಚೆಂಡಿಗಾಗಿ ಮೈಗೆ ಮೈ ತಾಗಿಸಿ ಸೆಣಸುವ ಆಟ. ದಕ್ಷಿಣ ಸಿಡ್ನಿಯ ಸಂಘವು ೧೯೦೮ರಲ್ಲಿ ಹುಟ್ಟಿದ್ದು. ಕೂಲಿಕಾರರ, ಬಡವರ ಬೀದಿಗಳದು. ಲೀಗನ್ನು ದೂರದ ಊರುಗಳಿಗೆ ಹಬ್ಬಿಸಿದ ಮೇಲೆ ಒಡೆಯರು ತಂಡಗಳು ಹೆಚ್ಚಾದುವೆಂದು ಲೆಕ್ಕ ಹಾಕಿ, ಹದಿನಾಲ್ಕಕ್ಕೆ ಇಳಿಸುವ ಸಲುವಾಗಿ ೧೯೯೯ರ ಕೊನೆಯಲ್ಲಿ ಈ ಸಂಘವನ್ನು ಹೊರಗಿಟ್ಟರು. ಹತ್ತಾರು ಸಾವಿರ ಜನ ಸಿಡ್ನಿಯ ಬೀದಿಗಳಲ್ಲಿ ಮೆರವಣಿಗೆ ಹೋದರು. ಸಂಘವು ನ್ಯಾಯಾಲಯಕ್ಕೆ ಹೋಯಿತು. ೨೦೦೨ರಲ್ಲಿ ಆಟಕ್ಕೆ ಮರಳಿತು. ಮರು ವರ್ಷ ಆ ದೇಶದ ಅತ್ಯುನ್ನತ ನ್ಯಾಯಾಲಯವು ಲೀಗಿನವರ ಪಕ್ಷವೇ ಸರಿಯೆಂದು ತೀರ್ಪು ಕೊಟ್ಟಿತು. ಆದರೆ ಆ ವೇಳೆಗೆ ಸಂಘವನ್ನು ಮತ್ತೆ ಹೊರಗಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಕಾಯಿದೆ ಸೋಲಿಸಿದವರನ್ನು ಬೀದಿ ಉಳಿಸಿಕೊಂಡಿತು. ಆ ಸಂಘವು ನಲವತ್ತಮೂರು ವರ್ಷಗಳ ಮೇಲೆ ಮತ್ತೆ ಪ್ರಶಸ್ತಿಯನ್ನು ಗೆದ್ದುದು ೨೦೧೪ರಲ್ಲಿ. ಪಾಪಿನಾಯಕನಹಳ್ಳಿಯ ಹುಡುಗನು ಅಂಗಿಯ ಮೇಲೆ ಆನೆ ಬರೆದುಕೊಂಡ ವರ್ಷವೂ ಅದೇ.

ಬಳ್ಳಾರಿಯ ತಂಡವು ಹೋದ ರೀತಿಯೇ ಬೇರೆ. ೨೦೧೯ರ ಕಡೆಯ ಆಟದಲ್ಲಿ ಬಳ್ಳಾರಿಯವರು ಹುಬ್ಬಳ್ಳಿಯವರಿಗೆ ಸೋತರು. ಕೆಲವು ವಾರಗಳಲ್ಲಿಯೇ ಲೀಗಿನ ಮೇಲೆ ಕೆಟ್ಟ ಸುದ್ದಿ ಕವಿಯಿತು: ಬಾಜಿ ಕಟ್ಟುವವರೊಡನೆ ಸೇರಿ ಆಟವನ್ನು ಮಾರಿಕೊಂಡರೆಂಬ ಆರೋಪ, ಪೊಲೀಸರ ತನಿಖೆ, ಬಂಧನಗಳು. ೨೦೨೨ರ ಜನವರಿಯಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು, ಅಂತಹ ಕೃತ್ಯವು ದಂಡಸಂಹಿತೆಯ ವಂಚನೆಯ ಕಲಮಿನೊಳಗೆ ಬಾರದೆಂದು ಹೇಳಿ, ತನ್ನ ಮುಂದಿದ್ದ ಮೊಕದ್ದಮೆಯನ್ನು ರದ್ದುಪಡಿಸಿತು. ಲೀಗು ಮಾತ್ರ ಮತ್ತೆ ಏಳಲಿಲ್ಲ. ಅದೇ ವರ್ಷ ಅದರ ಸ್ಥಾನದಲ್ಲಿ ಮಹಾರಾಜಾ ಟ್ರೋಫಿ ಎಂಬ ಹೊಸ ಪಂದ್ಯಾವಳಿ ಬಂದಿತು. ತಂಡಗಳಿಗೆ ಮಾಲೀಕರ ಬದಲು ಪ್ರಾಯೋಜಕರು. ತಂಡಗಳು ಆರು: ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿ. ಎರಡು ಸಲ ಗೆದ್ದಿದ್ದ ವಿಜಾಪುರವಿಲ್ಲ, ಬೆಳಗಾವಿಯಿಲ್ಲ, ಬಳ್ಳಾರಿಯಿಲ್ಲ.

ಯಾರೂ ಮೆರವಣಿಗೆ ಹೋಗಲಿಲ್ಲ. ಹೋಗುವುದಾದರೂ ಎಲ್ಲಿಂದ ಎಲ್ಲಿಗೆ? ದಕ್ಷಿಣ ಸಿಡ್ನಿಯವರಿಗೆ ಒಂದು ಮೈದಾನವಿತ್ತು, ಸದಸ್ಯರ ಪಟ್ಟಿಯಿತ್ತು, ಅಜ್ಜಂದಿರು ಟಿಕೆಟ್ ಕೊಂಡ ಕಿಟಕಿಯಿತ್ತು. ಬಳ್ಳಾರಿಯಲ್ಲಿ ಬೀಗ ಹಾಕಲು ಒಂದು ಬಾಗಿಲೂ ಇರಲಿಲ್ಲ. ಮನೆಯಿದ್ದ ತಂಡವನ್ನು ಸಾಗಿಸುವುದು ಅನ್ಯಾಯವೆನ್ನಬಹುದು. ಮನೆಯನ್ನೇ ಕೊಡದೆ ಊರಿನ ಹೆಸರನ್ನು ಮಾತ್ರ ಎರವಲು ಪಡೆದು, ಐದಾರು ವರ್ಷಗಳ ಮೇಲೆ ಸದ್ದಿಲ್ಲದೆ ಹಿಂದಿರುಗಿಸುವುದಕ್ಕೆ ಏನೆನ್ನಬೇಕು? ಹಾಗೆಂದು ಹೆಸರನ್ನು ಕೊಟ್ಟವರ ಪ್ರೀತಿಯು ಎರವಲಿನದಾಗಿರಲಿಲ್ಲ. ಲೀಗುಗಳ ಲೆಕ್ಕದಲ್ಲಿ ಈ ಪ್ರೀತಿಯನ್ನು ಬರೆಯುವ ಅಂಕಣವಿಲ್ಲ, ಇರಬೇಕಾಗಿತ್ತು.

ಆರು ತಂಡಗಳ ಪಟ್ಟಿ ಬಂದ ದಿನ ಹದಿನೆಂಟು ತುಂಬಿದ್ದ ಮೊಮ್ಮಗನು ಮೊಬೈಲಿನಲ್ಲಿ ಅದನ್ನು ಎರಡು ಸಲ ನೋಡಿ, "ಈಗ ನಾವು ಯಾರ ಕಡೆ, ತಾತ? ಕಲಬುರಗಿಯೋ, ಹುಬ್ಬಳ್ಳಿಯೋ?" ಎಂದನು. ನಗುತ್ತಲೇ ಕೇಳಿದನು, ಆದರೆ ಉತ್ತರಕ್ಕಾಗಿ ಕಾದನು.

ಮೇಷ್ಟರಿಗೆ ೧೯೫೩ ನೆನಪಾಯಿತು. ಆಗ ಅವರಿಗೆ ಎಂಟು ವರ್ಷ. ಬಳ್ಳಾರಿ ಅದುವರೆಗೆ ಮದರಾಸಿಗೆ ಸೇರಿತ್ತು. ಅದು ಮೈಸೂರಿಗೋ, ಹುಟ್ಟಲಿದ್ದ ಆಂಧ್ರಕ್ಕೋ ಎಂದು ಹಿರಿಯರು ರಾತ್ರಿಯೆಲ್ಲ ವಾದಿಸುತ್ತಿದ್ದರು. ಅಕ್ಟೋಬರ್ ೧ರಂದು ಬಳ್ಳಾರಿ ಮೈಸೂರಿಗೆ ಬಂತು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. ಆದವಾನಿಯಲ್ಲಿದ್ದ ಅವರ ಸೋದರತ್ತೆಯು ತನ್ನ ಹಿತ್ತಲಿನ ಬಾವಿಯಿಂದ ಒಂದು ಹೆಜ್ಜೆ ಕದಲದೆ ಇನ್ನೊಂದು ರಾಜ್ಯದವಳಾದಳು. "ನಾನೆಲ್ಲಿಗೂ ಹೋಗಲಿಲ್ಲ, ಅವರೇ ಹೋದರು" ಎಂದು ಆಕೆ ಸಾಯುವವರೆಗೂ ಹೇಳುತ್ತಿದ್ದಳು.

"ಬಳ್ಳಾರಿಯ ತಂಡ ಇದ್ದಿದ್ದರೂ, ಈಗ ನಾವು ಬಳ್ಳಾರಿಯವರಲ್ಲವಲ್ಲೋ" ಎಂದರು ಮೇಷ್ಟರು. ಅದೂ ನಿಜವೇ. ೨೦೨೧ರಲ್ಲಿ ಹೊಸಪೇಟೆಯನ್ನು ಮುಖ್ಯ ಪಟ್ಟಣವನ್ನಾಗಿ ಮಾಡಿ ವಿಜಯನಗರ ಜಿಲ್ಲೆಯನ್ನು ರಚಿಸಿದಾಗ, ಹೊಸಪೇಟೆ ತಾಲ್ಲೂಕಿನ ಪಾಪಿನಾಯಕನಹಳ್ಳಿಯೂ ಬಳ್ಳಾರಿಯಿಂದ ಹೊರಗೆ ಬಂದಿತ್ತು. ತಂಡವು ಊರನ್ನು ಬಿಡುವ ಮುನ್ನ ಊರೇ ಹೆಸರನ್ನು ಬಿಟ್ಟಿತ್ತು. ಹುಡುಗನಿಗೆ ಈ ಮಾತಿನಿಂದ ಸಮಾಧಾನವಾಗಲಿಲ್ಲ. ಮೇಷ್ಟರಿಗೂ ಆಗಲಿಲ್ಲ.

ಆ ಚಳಿಗಾಲದಲ್ಲಿ ಕಮಲಾಪುರದ ಹುಡುಗರು ಟೆನ್ನಿಸ್ ಚೆಂಡಿನ ಪಂದ್ಯಗಳನ್ನು ಏರ್ಪಡಿಸಿ ಸುತ್ತಲಿನ ಊರುಗಳನ್ನು ಕರೆದರು. ಅರ್ಜಿಯಲ್ಲಿ ತಂಡದ ಹೆಸರನ್ನು ಬರೆಯಬೇಕಾಗಿತ್ತು. ಶಾಲೆಯ ಹಿಂದೆ ಹನ್ನೊಂದು ಜನವೂ ಕೂಡಿ ವಾದಿಸಿದರು. ಒಬ್ಬನು ವಿಜಯನಗರವೆಂದನು, ಒಬ್ಬನು ಹುಲಿಯನ್ನು ಸೂಚಿಸಿದನು, ಒಬ್ಬನು ಹಳೆಯ ಆನೆಯೇ ಇರಲಿ ಎಂದನು. ಮೊಮ್ಮಗನು ಯಾರ ಮಾತಿಗೂ ಏನನ್ನೂ ಹೇಳದೆ ಅರ್ಜಿಯನ್ನು ಮನೆಗೆ ತಂದು, ಅಕ್ಷರ ಚೆನ್ನಾಗಿದೆಯೆಂಬ ನೆಪದಿಂದ ತಾತನ ಮುಂದಿಟ್ಟನು. ಮೇಷ್ಟರು ಕನ್ನಡಕವನ್ನು ಒರೆಸಿಕೊಂಡು, ಲೇಖನಿಯ ಮುಚ್ಚಳ ತೆಗೆದು, ತಂಡದ ಹೆಸರಿನ ಮುಂದೆ "ಪಾಪಿನಾಯಕನಹಳ್ಳಿ" ಎಂದು ಬರೆದರು. ಅದರ ಕೆಳಗೆ "ಸ್ವಂತ ಮೈದಾನ ಉಂಟೆ?" ಎಂಬ ಪ್ರಶ್ನೆಯಿತ್ತು. ಸ್ವಲ್ಪ ತಡೆದು, "ಉಂಟು, ಚಿಕ್ಕದು" ಎಂದು ಬರೆದು, ಮಸಿ ಆರಲೆಂದು ಕಾಗದವನ್ನು ಕಿಟಕಿಯ ಬಳಿ ಇಟ್ಟರು.