ಬಿದ್ದವನನ್ನ ಎತ್ತೋ ಆಟ

ಹೋದ ವಾರ ಹಾಸ್ಟೆಲ್‌ಗೆ ಹೋಗಿದ್ದೆ. ಮರುದಿನ ಗಣಿತದ ಇಂಟರ್ನಲ್ಸ್ ಇಟ್ಕೊಂಡು ನಾಲ್ವರು ಹುಡುಗರು ಒಂದೇ ಮಂಚದ ಮೇಲೆ ಕೂತು ಬಿಜಿಎಂಐ ಆಡ್ತಿದ್ರು. ಬೈದೆ. 'ಹತ್ತೇ ನಿಮಿಷ ಅಣ್ಣಾ, ಈಗ ನಾನ್ ಬಿಟ್ರೆ ಇವರು ಮೂವರೂ ಸಾಯ್ತಾರೆ' ಅಂದ ಒಬ್ಬ.

ಆಟ ಗೊತ್ತಿಲ್ಲದವರಿಗೆ: ನಾಲ್ವರದೊಂದು ಸ್ಕ್ವಾಡ್. ಗುಂಡು ತಗುಲಿದವನು ಕೂಡಲೇ ಸಾಯಲ್ಲ, ತೆವಳ್ತಾ ಇರ್ತಾನೆ. ಜೊತೆಗಾರ ಪಕ್ಕಕ್ಕೆ ಬಂದು ಕೆಲವು ಸೆಕೆಂಡು ಕೊಟ್ರೆ ಎದ್ದು ನಿಲ್ತಾನೆ. ಎತ್ತೋನಿಗೂ ಅಪಾಯ ಇದೆ. ಆದ್ರೂ ಎತ್ತುತ್ತಾರೆ, ಒಬ್ಬ ಕಮ್ಮಿಯಾದ್ರೆ ಎಲ್ಲರಿಗೂ ನಷ್ಟ.

ಕಳೆದ ವರ್ಷ ಇದೇ ರೂಮಿನ ಹುಡುಗನೊಬ್ಬ ಮೂರು ಸಬ್ಜೆಕ್ಟ್ ಹೋಯ್ತು ಅಂತ ಕಾಲೇಜೇ ಬಿಟ್ಟ. ಎರಡು ದಿನ ಆನ್‌ಲೈನ್ ಬರದಿದ್ದಾಗಲೇ ಅವನ ಸ್ಕ್ವಾಡ್ ಫೋನ್ ಮಾಡಿತ್ತು. ಕಾಲೇಜಿಗೆ ಗೊತ್ತಾಗಿದ್ದು ಹಾಜರಾತಿ ಕೊರತೆಯ ಪಟ್ಟಿ ಅಂಟಿಸುವಾಗ.

1970ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಯೂರಿ ಟ್ರೈಸ್ಮನ್ ಅನ್ನೋರು, ಕ್ಯಾಲ್ಕುಲಸ್‌ನಲ್ಲಿ ಕಪ್ಪು ವಿದ್ಯಾರ್ಥಿಗಳು ಯಾಕೆ ಹಿಂದೆ ಬೀಳ್ತಾರೆ ಅಂತ ಹುಡುಕಿದ್ರು. ಆಸಕ್ತಿ ಇಲ್ಲ, ಮನೇಲಿ ಓದಿನ ವಾತಾವರಣ ಇಲ್ಲ ಅಂತ ಮೇಷ್ಟ್ರುಗಳು ಕೊಡ್ತಿದ್ದ ಕಾರಣಗಳು (ನಾವೂ ಕೇಳಿ ಸಾಕಾಗಿರೋವೇ) ನಿಲ್ಲಲಿಲ್ಲ. ಕಂಡದ್ದು ಬೇರೆ: ಅವರು ಒಬ್ಬೊಬ್ಬರೇ ಓದ್ತಿದ್ರು. ಚೀನೀ ಮೂಲದವರು ಒಟ್ಟಿಗೆ ಕೂತು, ಒಬ್ಬರ ತಪ್ಪನ್ನ ಇನ್ನೊಬ್ಬರು ತಿದ್ಕೊಂಡು ಓದ್ತಿದ್ರು. ಟ್ರೈಸ್ಮನ್ ಗುಂಪು ಕಟ್ಟಿದ್ರು. ಸುಲಭದ ಲೆಕ್ಕ ಕೊಡ್ಲಿಲ್ಲ, ಕಷ್ಟದ್ದೇ ಕೊಟ್ರು. ಫಲಿತಾಂಶ ಏರಿತು. ನಮಗೆ ಸಿಗೋದು 'ರೆಮಿಡಿಯಲ್ ಕೋಚಿಂಗ್', ಹೆಸರಲ್ಲೇ ರೋಗಿ ಮಾಡ್ತಾರೆ.

ಹಾಗಂತ 'ಗ್ರೂಪ್ ಮಾಡ್ಕೊಳ್ಳಿ' ಅಂದುಬಿಟ್ರೆ ಆಗಲ್ಲ. ನಾನು ಎಂಎಸ್ಸಿ ಓದುವಾಗ ಲ್ಯಾಬಲ್ಲಿ 'ನೀವೇ ಪಾರ್ಟ್ನರ್ ಆರಿಸ್ಕೊಳ್ಳಿ' ಅಂದ್ರು. ಎಲ್ಲರೂ ಜೋಡಿಯಾದ್ರು. ಉಳಿದವನು ನಾನು. ಇಡೀ ಸೆಮಿಸ್ಟರ್ ಒಬ್ಬನೇ ಟೈಟ್ರೇಶನ್ ಮಾಡಿದೆ. ಗೇಮಲ್ಲಿ ಅಪರಿಚಿತರನ್ನ ಸೇರಿಸೋದು ಯಂತ್ರ, ಅದು ಅಡ್ಡಹೆಸರು ಕೇಳಲ್ಲ. (ಮೈಕ್ ಆನ್ ಮಾಡಿದ್ರೆ ಅಲ್ಲೂ ಜಾತಿ ಬೈಗುಳ ಬರುತ್ತೆ, ಗೇಮನ್ನ ಹೊಗಳ್ತಾ ಕೂತಿಲ್ಲ ನಾನು.)

ಅದಕ್ಕೇ ನಮ್ಮ ಬೇಡಿಕೆ: ಗುಂಪು ಕಟ್ಟೋದು ಮೇಷ್ಟ್ರ ಕೆಲಸ, ಚೀಟಿ ಎತ್ತಿ ಕಟ್ಟಲಿ. ಇಂಟರ್ನಲ್ಸ್‌ನಲ್ಲಿ ನಾಲ್ಕೈದು ಅಂಕ ನಾಲ್ವರಿಗೂ ಸೇರಿ ಇರಲಿ, ಅದೂ ಗುಂಪಲ್ಲಿ ಅತಿ ಕಡಿಮೆ ತೆಗೆದವನು ಎಷ್ಟು ಮೇಲೆ ಬಂದ ಅನ್ನೋದರ ಮೇಲೆ. ಆಗ ನೋಡೋಣ, ನಮ್ಮ ಹುಡುಗ ಎರಡು ದಿನ ಬರದಿದ್ರೆ ಯಾರು ಫೋನ್ ಮಾಡ್ತಾರೆ ಅಂತ.

ಆ ರಾತ್ರಿ ಆಟ ಮುಗಿಸಿ ನಾಲ್ವರೂ ಅದೇ ಮಂಚದ ಮೇಲೆ ಇಂಟಿಗ್ರೇಶನ್ ತೆಗೆದ್ರು. ನನಗೆ ಆ ಲೆಕ್ಕ ಮರೆತೇ ಹೋಗಿದೆ. ಟೀ ತರೋಕೆ ಹೋದೆ.

ಜೈ ಭೀಮ್.